ಕೇದಾರನಾಥನ ಅಸಲಿತನ

ನಮ್ಮ ಮನೆಯ ಬಚ್ಚಲಿನ ಬಾಗಿಲಿಗೆ ಅಡ್ಡವಾಗಿ ಮೂರನೇ ಮಹಡಿಯವರ ಫ್ರಿಜ್ಜು ಬಂದು ನಿಂತ ಆ ಭಾನುವಾರವನ್ನು ಮರೆಯಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಆಗಿಲ್ಲ. ಫ್ರಿಜ್ಜಿನ ಹಿಂದೆ ಅವರ ಸೋಫಾ ಬಂತು. ಸೋಫಾದ ಮೇಲೆ ಟಿ.ವಿ. ಬಂತು. ಟಿ.ವಿ.ಯ ಮೇಲೆ ಮಿಕ್ಸರು. ನಾನು ಮೈಗೆಲ್ಲ ಹರಳೆಣ್ಣೆ ಹಚ್ಚಿಕೊಂಡು, ಟವೆಲ್ ಸುತ್ತಿಕೊಂಡು, ಸ್ನಾನಕ್ಕೆ ದಾರಿಯಿಲ್ಲದೆ ನಡುಮನೆಯಲ್ಲಿ ನಿಂತಿದ್ದೆ. ಕಾರಣ ಹೇಳಿದರೆ ನೀವು ನಂಬಲಿಕ್ಕಿಲ್ಲ: ಮೇಲಿನವರ ಮನೆ ನಿಜವಾದ ಮನೆಯ ಹಾಗೆ ಕಾಣಲಿ ಎಂದು ಅದನ್ನು ಖಾಲಿ ಮಾಡುತ್ತಿದ್ದರು.

ಮೇಲಿನವರು ಎಂದರೆ ನೀಲಕಂಠಪ್ಪ ಮಾಸ್ತರರು. ವಿಜಾಪುರದ ಕಡೆಯವರು, ನಾಗಪುರದ ಮರಾಠಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಅವರ ಹೆಂಡತಿ ಜಯವ್ವ. ಒಬ್ಬನೇ ಮಗ ಕೇದಾರನಾಥ, ಕಳಮೇಶ್ವರದ ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್, ವಯಸ್ಸು ಮೂವತ್ತೆರಡು. ನಾನು ನರಹರಿ, ಮೈಸೂರಿನವನು, ಕೇಂದ್ರ ಸರ್ಕಾರದ ನೌಕರಿ. ಬಜಾಜ್ ನಗರದ ಆ ಕಟ್ಟಡದ ನೆಲಮಹಡಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಲೀಲಾ ಆಗಲೇ ಹದಿನೆಂಟು ವರ್ಷದಿಂದ ಇದ್ದೆವು. ಇಡೀ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ. ಹೀಗಾಗಿ ಅವರ ಸುಖದುಃಖಗಳೆಲ್ಲ ಮೆಟ್ಟಿಲಿಳಿದು ನೇರವಾಗಿ ನಮ್ಮಲ್ಲಿಗೇ ಬರುತ್ತವೆ.

ಕೇದಾರನಾಥ ಒಳ್ಳೆಯ ಹುಡುಗ. ಇದನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಅವನ ಕೈಗೆ ಹೋದ ಕೆಲಸ ಹೋದ ಹಾಗೆ ಹಿಂದಿರುಗಿದ್ದಿಲ್ಲ. ಒಮ್ಮೆ ಶಾಮ ಎಂಬ ಗೆಳೆಯನ ಮದುವೆಗೆಂದು ಹೋಗಿ, ಪಕ್ಕದ ಮಂಗಲ ಕಾರ್ಯಾಲಯಕ್ಕೆ ನುಗ್ಗಿ, ಉಡುಗೊರೆ ಕೊಟ್ಟು, ಊಟ ಮಾಡಿ, ವರನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡು ಬಂದಿದ್ದ. ಮನೆಗೆ ಬಂದು, "ಯವ್ವಾ, ಶಾಮ ಭಾಳ ಬದಲಾಗ್ಯಾನ" ಅಂದನಂತೆ.

ಇಂಥವನನ್ನು ಒಂಬತ್ತು ಹೆಣ್ಣಿನ ಮನೆಯವರು ನೋಡಿ ಹೋಗಿದ್ದರು. ಒಬ್ಬರೂ ತಿರುಗಿ ಬಂದಿರಲಿಲ್ಲ.

ಆಗ, ಎರಡು ಸಾವಿರದ ಒಂಬತ್ತರಲ್ಲಿ, ಟಿ.ವಿ.ಯಲ್ಲಿ ಸ್ವಯಂವರಗಳ ಹುಚ್ಚು ಹತ್ತಿದ್ದ ಕಾಲ. 'ದಿಲ್ ಕಾ ದಾಮಾದ್', ಅಂದರೆ ಹೃದಯದ ಅಳಿಯ, ಎಂಬ ಹೊಸ ಕಾರ್ಯಕ್ರಮಕ್ಕೆ ಹುಡುಗರನ್ನು ಆರಿಸಲು ಮುಂಬೈಯವರು ನಾಗಪುರಕ್ಕೆ ಬಂದರು. ಒಬ್ಬ ಚೆಲುವೆ ನಟಿ, ಒಂದು ಅರಮನೆ, ಹದಿನಾರು ಜನ ಗಂಡುಗಳು; ಅವರಲ್ಲಿ ಒಬ್ಬನಿಗೆ ಮಾಲೆ. ಕೇದಾರನಾಥ ಯಾರಿಗೂ ಹೇಳದೆ ಅರ್ಜಿ ಹಾಕಿದ. ಪಾರ್ಲರಿಗೆ ಹೋಗಿ ಕೂದಲಿಗೆ ಚಿನ್ನದ ಬಣ್ಣದ ಪಟ್ಟಿ ಎಳೆಸಿಕೊಂಡ. ಉಸಿರು ಬಿಟ್ಟರೆ ಹೊಲಿಗೆ ಬಿಡುವಂಥ ಟೀ ಶರ್ಟ್ ತೊಟ್ಟ. ಸರದಿ ಬಂದಾಗ ಅವರು, "ನಿನ್ನ ಜೀವನದ ಹೀರೋ ಯಾರು?" ಎಂದು ಕೇಳಿದರಂತೆ. ಬಾಯಿಪಾಠ ಮಾಡಿದ್ದ ಉತ್ತರವೆಲ್ಲ ಮರೆತುಹೋಗಿ, "ನಮ್ಮ ಅಪ್ಪ. ಆದರ ಅವರಿಗೆ ಹೇಳಬ್ಯಾಡ್ರಿ, ಬೈತಾರ" ಎಂದು ಹಿಂದಿಯಲ್ಲಿ ಒದರಿಬಿಟ್ಟ. ಕೇಳುತ್ತಿದ್ದವರು ಮೇಜು ಕುಟ್ಟಿ ನಕ್ಕರು. "ಅಸಲಿ! ಇವನು ಅಸಲಿ!" ಎಂದರು. ಆಯ್ಕೆಯಾಯಿತು. ಇನ್ನು ಅವನ ಅಸಲಿ ಮನೆಯನ್ನೂ ಅಸಲಿ ತಂದೆತಾಯಿಯನ್ನೂ ಚಿತ್ರ ತೆಗೆಯಲು ಬರುತ್ತಾರಂತೆ.

ಈ ಸುದ್ದಿಯನ್ನು ಅವನು ಮೊದಲು ಹೇಳಿದ್ದು ನನಗೆ.

"ಅಪ್ಪನಿಗೆ ಹೇಳಿದೆಯೇನಯ್ಯಾ?" ಎಂದೆ.

"ಹೇಳೀನ್ರಿ ಕಾಕಾ. ಜನರಲ್ ನಾಲೆಜ್ ಕಾರ್ಯಕ್ರಮ ಅಂತ ಹೇಳೀನಿ."

"ಯಾಕೆ?"

"ಸ್ವಯಂವರ ಅಂದ್ರ ಕಾಲು ಮುರೀತಾರ್ರಿ."

ಅಲ್ಲಿಗೂ ಮುಗಿಯಲಿಲ್ಲ. ಅದೇ ವಾರ ಹತ್ತನೆಯ ಸಂಬಂಧವೊಂದು ಕುದುರಿತ್ತು. ಸೊಲ್ಲಾಪುರದ ಚಾದರ ವ್ಯಾಪಾರಿ ಸೋಮಣ್ಣನವರ ಮಗಳು ನೀಲಾಂಬಿಕಾ, ಕನ್ನಡ ಶಾಲೆಯ ಟೀಚರು. ಅವರ ಮನೆಯಲ್ಲಿ ಹುಡುಗಿಯೂ ಬಂದು ಗಂಡಿನ ಮನೆ ನೋಡಬೇಕೆಂಬ ಹಟವಂತೆ. ಭಾನುವಾರ ಸಂಜೆ ಐದಕ್ಕೆ ಬರುತ್ತೇವೆ ಎಂದಿದ್ದರು. ಟಿ.ವಿ.ಯವರು ಶನಿವಾರ ಎಂದಿದ್ದವರು, ಶುಕ್ರವಾರ ಸಂಜೆ ಮೆಸೇಜು ಕಳಿಸಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಂದರು.

"ಒಂದನ್ನ ಮುಂದಕ್ಕೆ ಹಾಕು" ಎಂದೆ.

"ಬ್ಯಾಡ್ರಿ ಕಾಕಾ. ಅರ್ಧ ತಾಸಿನ ಕೆಲಸ. ಒಂಬತ್ತಕ್ಕ ಬಂದು ಒಂಬತ್ತೂವರಿಗೆ ಹೋಗ್ತಾರ. ಐದಕ್ಕ ಇವರು ಬರ್ತಾರ. ನಡುವ ಏಳೂವರಿ ತಾಸು ಖಾಲಿ. ಬರೋಬರ್ ಲೆಕ್ಕ ಹಾಕೀನಿ."

ಗಣಿತದ ಮಾಸ್ತರರ ಮಗ ನೋಡಿ.

ಒಂಬತ್ತಕ್ಕೆ ಬರಬೇಕಾದವರು ಬಂದದ್ದು ಮಧ್ಯಾಹ್ನ ಎರಡಕ್ಕೆ. ಅಷ್ಟರಲ್ಲಿ ಮಾಸ್ತರರು ಐದು ತಾಸಿನಿಂದ ಇಸ್ತ್ರಿಯ ಅಂಗಿ ತೊಟ್ಟು, ಬೆನ್ನು ನೆಟ್ಟಗೆ ಮಾಡಿ ಸೋಫಾದಲ್ಲಿ ಕುಳಿತು, ದೇಶಗಳ ರಾಜಧಾನಿಗಳನ್ನು ತುಟಿಯಲ್ಲೇ ಜಪಿಸುತ್ತಿದ್ದರು.

ಬಂದವರ ಮುಖ್ಯಸ್ಥ ಸಂಕೇತ್ ಎಂಬ ಯುವಕ. ಮುಂಬೈಯವನು, ಅರ್ಧ ಚಡ್ಡಿ, ತಲೆಗೆ ಕರಿ ಕನ್ನಡಕ. ಒಳಗೆ ಕಾಲಿಟ್ಟವನು ಮನೆ ನೋಡಿ ಹೆಣ ನೋಡಿದವನಂತೆ ನಿಂತ.

"ಫ್ರಿಜ್?" ಎಂದ. "ಸೋಫಾ? ಯೇ ಕ್ಯಾ ಹೈ ಯಾರ್, ಇದು ಅಸಲಿ ಮನೆ ಥರ ಕಾಣುವುದೇ ಇಲ್ಲವಲ್ಲ!"

"ಇದು ನಮ್ಮ ಮನೀನೇ ಅದ" ಎಂದು ಜಯವ್ವ ತಮ್ಮ ಹಿಂದಿಯಲ್ಲಿ ತಿಳಿಸಿದರು. "ಹದಿನೆಂಟು ವರ್ಷ ಆತು."

"ಮಾಜೀ, ಮನೆ ನಿಮ್ಮದಿರಬಹುದು. ಆದರೆ ಜನ ನಂಬಬೇಕಲ್ಲ. ಉಳಿದ ಹದಿನೈದೂ ಜನ ಮುಂಬೈ ದಿಲ್ಲಿಯ ಮಾಡೆಲುಗಳು. ನಾನು ಸಿಂಪಲ್ಲು ಸಿಂಪಲ್ಲು ಅಂತ ಬೊಗಳುತ್ತಾರೆ, ಅಂಗಿ ಬಿಚ್ಚಿದರೆ ಹೊಟ್ಟೆಯ ಮೇಲೆ ಆರು ಗಂಟು. ನಮಗೆ ಉಳಿದಿರುವ ಅಸಲಿ ಮನುಷ್ಯ ಇವನೊಬ್ಬನೇ. ಇವನ ಮನೆಯಲ್ಲಿ ಎರಡು ಬಾಗಿಲಿನ ಫ್ರಿಜ್ಜು ತೋರಿಸಿದರೆ ಯಾರಿಗೆ ಕನಿಕರ ಬರುತ್ತೆ?"

ಹೀಗೆ ಫ್ರಿಜ್ಜು ನಮ್ಮ ಮನೆಗೆ ಬಂತು. ಬದಲಿಗೆ ನಮ್ಮ ಅಟ್ಟದ ಮೇಲಿದ್ದ ಸೀಮೆಎಣ್ಣೆ ಸ್ಟೋವು, ತುಕ್ಕು ಹಿಡಿದ ಟ್ರಂಕು, ಲೀಲಾ ಹಳೇಪಾತ್ರೆಯವನಿಗೆ ಹಾಕಲು ಇಟ್ಟಿದ್ದ ನೆಗ್ಗಿದ ಅಲ್ಯೂಮಿನಿಯಂ ಬೋಗುಣಿಗಳು ಮೇಲೆ ಹೋದವು.

ಸಾಮಾನು ಇಳಿಯುವುದನ್ನು ಕಂಡು ಎದುರು ಕಟ್ಟಡದ ಹೆಂಗಸರು ಬಾಲ್ಕನಿಗೆ ಬಂದರು. "ಕಾಯ ಝಾಲಂ, ಏನಾಯ್ತು? ಮನೆ ಬಿಟ್ಟರೇ?" ಎಂದು ಒಬ್ಬರು. "ಮಗ ಯಾರನ್ನೋ ಓಡಿಸಿಕೊಂಡು ಹೋಗಿದ್ದಾನಂತೆ" ಎಂದು ಇನ್ನೊಬ್ಬರು. ಸೊಸೈಟಿಯ ಕಾರ್ಯದರ್ಶಿ ವಾನಖೇಡೆ, ನಿಯಮಾವಳಿಯ ಪುಸ್ತಕ ಹಿಡಿದು ಧಾವಿಸಿ ಬಂದ. ಅನುಮತಿಯಿಲ್ಲದೆ ಫರ್ನಿಚರ್ ಸಾಗಿಸುವುದು ಹದಿನಾಲ್ಕನೇ ನಿಯಮಕ್ಕೆ ವಿರುದ್ಧ ಎಂದು ಕಿರುಚಲು ಬಾಯಿ ತೆರೆದ. ಕ್ಯಾಮೆರಾ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿ ಮನೆಗೆ ಓಡಿದ. ಹತ್ತು ನಿಮಿಷದಲ್ಲಿ ತನ್ನ ಮದುವೆಯ ಸೂಟು ತೊಟ್ಟು, ಪೌಡರು ಬಳಿದುಕೊಂಡು ಬಂದು, "ನಮ್ಮ ಕೇದಾರನನ್ನು ನಾನು ಎತ್ತಿ ಆಡಿಸಿದ್ದೇನೆ" ಎಂದ. ಅವನು ಈ ಕಟ್ಟಡಕ್ಕೆ ಬಂದು ಮೂರು ವರ್ಷ. "ಸೂಟ್ ಅಸಲಿ ಅಲ್ಲ" ಎಂದು ಸಂಕೇತ್ ಅವನನ್ನು ಹೊರಗೆ ಅಟ್ಟಿದ.

ನಾನು ಜಗಳ ತೆಗೆಯಲೆಂದೇ, ಎಣ್ಣೆ ಮೈಯ ಮೇಲೆ ಒಂದು ಜುಬ್ಬಾ ಎಳೆದುಕೊಂಡು ಮೂರು ಮಹಡಿ ಹತ್ತಿ ಹೋದೆ. ಬಾಗಿಲಲ್ಲೇ ಸಂಕೇತ್, "ಅಂಕಲ್, ಏಕ್ ಮಿನಿಟ್" ಎಂದು ನನ್ನ ಕೈಗೆ ದೊಡ್ಡದೊಂದು ಥರ್ಮೋಕೋಲ್ ಹಲಗೆ ಕೊಟ್ಟು, ಬೆಳಕು ಮಾಸ್ತರರ ಮುಖದ ಮೇಲೆ ಬೀಳುವ ಹಾಗೆ ಹಿಡಿಯಲು ಹೇಳಿದ. ಹಿಡಿದೆ. ಯಾಕೆ ಹಿಡಿದೆ ಎಂದು ಲೀಲಾ ಇವತ್ತಿಗೂ ಕೇಳುತ್ತಾಳೆ. ನನ್ನ ಮೊಣಕೈ ಟಿ.ವಿ.ಯಲ್ಲಿ ಬರಬಹುದು ಎಂಬ ಆಸೆ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ.

ಮಾಸ್ತರರಿಗೆ ಇಸ್ತ್ರಿ ಅಂಗಿ ಬಿಚ್ಚಿಸಿ ತೂತು ಬನಿಯನ್ ಹಾಕಿಸಿದ್ದರು. "ಪ್ರಶ್ನಾ ಕೇಳ್ರಿ, ಅಂಗಿ ಏನು ಮಾಡ್ತೀರಿ" ಎಂದು ಅವರು ಚಡಪಡಿಸುತ್ತಿದ್ದರು. ಕೊನೆಗೂ ಕ್ಯಾಮೆರಾ ತಿರುಗಿತು. ಸಂಕೇತ್ ಮೆತ್ತಗಿನ ದನಿಯಲ್ಲಿ, "ಬಾಬೂಜಿ, ಆಪ್ ಕೀ ಸಬ್ ಸೇ ಬಡೀ..." ಎಂದ. ನಿಮ್ಮ ಎಲ್ಲಕ್ಕಿಂತ ದೊಡ್ಡ ಆಸೆ ಯಾವುದು ಎಂದು ಕೇಳುವವನಿದ್ದ. ಮಾಸ್ತರರು ಮಾತು ಮುಗಿಯಲು ಬಿಡಲಿಲ್ಲ.

"ಗ್ರೀನ್‌ಲ್ಯಾಂಡ್!" ಎಂದರು.

ಸಂಕೇತನ ಕಣ್ಣು ತುಂಬಿದವು. "ಕಟ್!" ಎಂದು ಪಿಸುಗುಟ್ಟಿದ. "ಬನಿಯನ್ನಿನಲ್ಲಿ ತೂತು, ಗ್ರೀನ್‌ಲ್ಯಾಂಡಿನ ಕನಸು. ಇದನ್ನ ಯಾವ ರೈಟರೂ ಬರೆಯಲಾರ."

"ಜಗತ್ತಿನ ದೊಡ್ಡ ದ್ವೀಪ. ಬರೋಬರ್ ಉತ್ತರ ಹೇಳಿದೆನಲ್ರಿ?" ಎಂದು ಮಾಸ್ತರರು ನನ್ನತ್ತ ನೋಡಿದರು. ನಾನು ಥರ್ಮೋಕೋಲ್ ಹಿಂದೆ ಮುಖ ಮರೆಮಾಡಿಕೊಂಡೆ.

ಜಯವ್ವನ ಪಾಲಿನದು ಅಳುವ ಕೆಲಸ. ಸ್ಟೋವಿನ ಮುಂದೆ ಕುಳಿತು ರೊಟ್ಟಿ ಬಡಿಯುತ್ತ, ಮಗನ ಭವಿಷ್ಯ ನೆನೆದು ಕಣ್ಣೀರು ಹಾಕಬೇಕು. ಅವರಿಗೆ ಅಳು ಬರಲಿಲ್ಲ. ಈರುಳ್ಳಿ ಹೆಚ್ಚಿಸಿದರು, ಬರಲಿಲ್ಲ. ದಿನಾ ಹೆಚ್ಚಿ ಪಳಗಿದ ಕಣ್ಣು. ಕಣ್ಣಿಗೆ ಅದೇನೋ ಔಷಧ ಬಿಟ್ಟರು. "ಅಯ್ಯ ಶಿವನ, ತಂಪಾತು ನೋಡ್ರಿ" ಎಂದು ನಗತೊಡಗಿದರು. "ನಿಮ್ಮ ಮಗನಿಗೆ ಮದುವೆಯಾಗಿಲ್ಲ ಮಾಜೀ, ಯೋಚನೆ ಮಾಡಿ" ಎಂದು ಸಂಕೇತ್ ಗೋಗರೆದ. "ಆಗ್ತದ ಬಿಡ್ರಿ, ಸಂಜೀಕ ಬರ್ತಾರ" ಎಂದು ಕನ್ನಡದಲ್ಲಿ ಹೇಳಿ ಅವರು ಮತ್ತೆ ನಕ್ಕರು.

ಕೇದಾರನಾಥನ ಚಿನ್ನದ ಪಟ್ಟಿಯ ಕೂದಲನ್ನು ಕಂಡು ಸಂಕೇತ್ ತಲೆ ಚಚ್ಚಿಕೊಂಡ. "ಇದನ್ನ ಮಾಡಿಕೋ ಅಂತ ಯಾರು ಹೇಳಿದರೋ? ನೀನು ನೀನಾಗಿರಬೇಕು. ಅಷ್ಟೂ ಬರಲ್ವಾ?" ಪಟ್ಟಿ ಮುಚ್ಚಲು ಕಾಲು ಬಾಟಲಿ ಕೊಬ್ಬರಿ ಎಣ್ಣೆ ಸುರಿದರು. ಮಾಸ್ತರರ ಹಳೆಯ ಅಂಗಿ ತೊಡಿಸಿದರು. ಹೇಳಬೇಕಾದ ಒಂದು ಮಾತನ್ನು ಹಿಂದಿಯಲ್ಲಿ ಬರೆದುಕೊಟ್ಟರು. ಅವನು ತಾನು ತಾನಾಗಿರಲು ಆ ಚೀಟಿ ಹಿಡಿದು ಬಾಲ್ಕನಿಯಲ್ಲಿ ಉರು ಹೊಡೆಯತೊಡಗಿದ.

ಐದಕ್ಕೆ ಬರಬೇಕಾದ ಸೊಲ್ಲಾಪುರದವರು ನಾಲ್ಕಕ್ಕೇ ಬಂದರು.

ಬಿಳಿ ಧೋತರ, ಟೋಪಿ, ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿಯ ಚೀಲ ಹಿಡಿದು ಏದುಸಿರು ಬಿಡುತ್ತ ಸೋಮಣ್ಣ ಬಾಗಿಲಲ್ಲಿ ಕಾಣಿಸಿಕೊಂಡರು. ಅವರ ಹಿಂದೆ ಹೆಂಡತಿ ಮಹಾದೇವಮ್ಮ. ಅವರ ಹಿಂದೆ ಹಸಿರು ಸೀರೆಯ ನೀಲಾಂಬಿಕಾ. ಮಾಸ್ತರರು ತೂತು ಬನಿಯನ್ನಿನಲ್ಲೇ ಎದ್ದು ಕೈ ಮುಗಿದರು. "ಬರ್ರಿ, ಬರ್ರಿ" ಎನ್ನುವಷ್ಟರಲ್ಲಿ ಸಂಕೇತ್ ನಡುವೆ ಹಾರಿದ. ಮನೆಯವರು ಊರಿನಿಂದ ನೆಂಟರನ್ನು ಕರೆಸಿದ್ದಾರೆಂದೇ ಅವನ ತಿಳಿವಳಿಕೆ.

"ಏನು ಮುಖ! ಏನು ಟೋಪಿ! ಚಾಚಾಜೀ, ಫಿರ್ ಸೇ. ಇನ್ನೊಮ್ಮೆ ಕೆಳಗಿನಿಂದ ಹತ್ತಿ ಬನ್ನಿ."

"ಎಲ್ಲಿಂದ?" ಎಂದರು ಸೋಮಣ್ಣ.

"ಕೆಳಗಿನಿಂದ."

ಸೋಮಣ್ಣ ಮರ್ಯಾದೆಯ ಮನುಷ್ಯ. ಮಗಳ ಮನೆಯಾಗುವ ಮನೆಯಲ್ಲಿ ಮೊದಲ ಮಾತಿಗೇ ಇಲ್ಲ ಎನ್ನಬಾರದು ಎಂದುಕೊಂಡಿರಬೇಕು. ಮೂರು ಮಹಡಿ ಇಳಿದರು, ಹತ್ತಿದರು. ಬೆಳಕು ಸರಿಬರಲಿಲ್ಲವಂತೆ, ಮತ್ತೆ ಇಳಿದರು, ಹತ್ತಿದರು. ಮೂರನೆಯ ಸಲ ಗೋಡೆ ಹಿಡಿದುಕೊಂಡು ಬರುತ್ತಿದ್ದಾಗ ಹೆಂಡತಿಗೆ, "ನಾಗಪುರದಾಗ ಬೀಗರನ್ನ ಹಿಂಗ ವಿಡಿಯೋ ಮಾಡ್ತಾರ ಕಾಣಸ್ತದ. ದೊಡ್ಡ ಮಂದಿ" ಎಂದದ್ದು ನನಗೆ ಕೇಳಿಸಿತು. (ಮುಂದೆ ಆ ಕಾರ್ಯಕ್ರಮ ಬಂದಾಗ ಇಡೀ ದಿನದ ದುಡಿಮೆಯಲ್ಲಿ ಉಳಿದದ್ದು ಇದೊಂದೇ: ಹನ್ನೊಂದು ಸೆಕೆಂಡು ಸೋಮಣ್ಣ ಮೆಟ್ಟಿಲು ಹತ್ತುತ್ತಾರೆ, ಹಿಂದೆ ಶಹನಾಯಿ ಅಳುತ್ತದೆ.)

ಅವರನ್ನು ನಮ್ಮ ಟ್ರಂಕಿನ ಮೇಲೆ ಕೂರಿಸಿದರು. ಮಹಾದೇವಮ್ಮ ಸ್ಟೋವು ನೋಡಿದರು, ಬೋಗುಣಿ ನೋಡಿದರು, ಗೋಡೆಯ ಮೇಲೆ ಫ್ರಿಜ್ಜು ಬಿಟ್ಟುಹೋದ ಚೌಕನೆಯ ಬಿಳಿ ಗುರುತು ನೋಡಿದರು. "ಸೋಫಾ, ಟಿ.ವಿ. ಎಲ್ಲಾ ಅದ ಅಂತ ಹೇಳಿದ್ರಲ್ರಿ?" ಎಂದು ಮೆಲ್ಲಗೆ ಕೇಳಿದರು.

"ಅದಾವ್ರಿ," ಎಂದರು ಜಯವ್ವ. "ಕೆಳಗ ನರಹರಿಯವರ ಮನ್ಯಾಗ ಅದಾವು."

ಇದಕ್ಕಿಂತ ಸತ್ಯವಾದ, ಇದಕ್ಕಿಂತ ಹಾಳಾದ ಉತ್ತರ ಇನ್ನೊಂದಿರಲಾರದು.

ಆಗ ಬಾಲ್ಕನಿಯಿಂದ ಕೇದಾರನಾಥ ಒಳಗೆ ಬಂದ. ಎಣ್ಣೆ ಕೆನ್ನೆಗೆ ಇಳಿಯುತ್ತಿತ್ತು. ಹುಡುಗಿಯನ್ನು ಕಂಡ, ಕ್ಯಾಮೆರಾ ಕಂಡ, ಮತ್ತೆ ಹುಡುಗಿಯನ್ನು ಕಂಡ. ಓಡಿಹೋಗಲು ಒಂದು ಹೆಜ್ಜೆ ಹಿಂದಿಟ್ಟದ್ದೂ ನಿಜ. ಅಷ್ಟರಲ್ಲಿ ಸಂಕೇತ್, "ಆಕ್ಷನ್!" ಎಂದ.

ಕೇದಾರನಾಥನ ಬಾಯಿ ತೆರೆಯಿತು. "ನಮ್ಮ ಮನೆಗೆ ಇವತ್ತಿನವರೆಗೆ ಒಂದೇ ಒಂದು ಸಂಬಂಧ ಬಂದಿಲ್ಲ. ಬಡವನ ಮನೆಗೆ ಯಾರು ಬರುತ್ತಾರೆ? ಮುಂಬೈಯ ರಾಜಕುಮಾರಿಯೇ, ಈ ಹೃದಯ ನಿನಗಾಗಿ ಕಾಯುತ್ತಿದೆ" ಎಂದು ಅಚ್ಚ ಹಿಂದಿಯಲ್ಲಿ, ಒಂದು ಅಕ್ಷರ ತಪ್ಪದೆ ಹೇಳಿ ಮುಗಿಸಿದ. ಜನ್ಮದಲ್ಲಿ ಅವನು ತಪ್ಪಿಲ್ಲದೆ ಮಾಡಿದ ಮೊದಲ ಕೆಲಸ ಇದು.

ನೀಲಾಂಬಿಕಾ ಎದ್ದು ನಿಂತಳು. "ಹಂಗಾದ್ರ ನಾವು ಯಾರ್ರಿ?" ಎಂದಳು.

ಮಾಸ್ತರರು ಮಗನ ಕಡೆ ತಿರುಗಿ, "ಯಾವ ರಾಜಕುಮಾರಿಲೇ? ಇದು ಜನರಲ್ ನಾಲೆಜ್ ಅಲ್ಲೇನು?" ಎಂದರು. ಸಂಕೇತ್ ಉತ್ಸಾಹದಿಂದ ಸ್ವಯಂವರದ ವಿಷಯವನ್ನೆಲ್ಲ ವಿವರಿಸಿದ. ಅರಮನೆ, ನಟಿ, ಹದಿನಾರು ಗಂಡುಗಳು, ಮಾಲೆ. ಅವನು ವಿವರಿಸಿ ಮುಗಿಸುವ ಹೊತ್ತಿಗೆ ಸೋಮಣ್ಣ ಚಟ್ನಿಯ ಚೀಲ ಎತ್ತಿಕೊಂಡು ಮೆಟ್ಟಿಲಿಗೆ ಹೋಗಿಯಾಗಿತ್ತು. ನಾಲ್ಕನೆಯ ಸಲ ಇಳಿಯುತ್ತಿದ್ದರು. ಈ ಸಲ ಹತ್ತುವ ಯೋಚನೆಯಿರಲಿಲ್ಲ.

ಜಯವ್ವ ಸ್ಟೋವಿನ ಮುಂದೆ ಕುಸಿದರು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ದನಿಯಿಲ್ಲದೆ, ಭುಜ ಅಲುಗುವ ಹಾಗೆ ಅತ್ತರು. ನಾನು ಥರ್ಮೋಕೋಲ್ ಕೆಳಗಿಟ್ಟೆ.

"ರೋಲ್, ರೋಲ್! ಇದೇ ಬೇಕಿತ್ತು, ಕ್ಲೋಸ್ ಹೋಗು!" ಎಂದು ಸಂಕೇತ್ ಕೂಗಿದ.

ಕ್ಯಾಮೆರಾ ತಾಯಿಯ ಮುಖದ ಹತ್ತಿರ ಹೋಯಿತು. ಕೇದಾರನಾಥ ನಡುವೆ ಬಂದು ತನ್ನ ಎಣ್ಣೆಯ ಅಂಗೈಯನ್ನು ಅದರ ಗಾಜಿನ ಮೇಲೆ ಒತ್ತಿದ. "ಬಸ್" ಎಂದ.

"ಅರೇ, ಲೆನ್ಸ್! ಒಂದು ಲಕ್ಷದ್ದು!" ಎಂದು ಸಂಕೇತ್ ಬೊಬ್ಬೆ ಹೊಡೆದ. "ನೀನು ಅರಮನೆಗೆ ಬರಬೇಕೋ ಬೇಡವೋ?"

"ಬ್ಯಾಡ" ಎಂದ ಕೇದಾರನಾಥ. ಹಿಂದಿಯಲ್ಲಿ ಹೇಳಬೇಕೆಂಬುದೂ ಅವನಿಗೆ ನೆನಪಾಗಲಿಲ್ಲ.

ಮಾಸ್ತರರು ಮೂವತ್ತು ವರ್ಷದ ಹಳೆಯ ದನಿಯಲ್ಲಿ, ಬಾಗಿಲಿಗೆ ಬೆರಳು ತೋರಿಸಿ, "ವರ್ಗಾಚ್ಯಾ ಬಾಹೇರ್!" ಎಂದು ಮರಾಠಿಯಲ್ಲಿ ಗುಡುಗಿದರು. ತರಗತಿಯಿಂದ ಹೊರಗೆ! ಇಡೀ ತಂಡ ಬ್ಯಾಗು ಎತ್ತಿಕೊಂಡು ಇಳಿಯಿತು. ಸಂಕೇತನಂತೂ ಕೈಯನ್ನು ಹಿಂದೆ ಕಟ್ಟಿಕೊಂಡು ಹೋದ.

ಕೇದಾರನಾಥ ಮಾತ್ರ ನನ್ನ ಜುಬ್ಬಾ ಹಿಡಿದು ಎಳೆದ. "ಕಾಕಾ, ಸ್ಕೂಟರ್ ತಗೀರಿ. ಜಲ್ದಿ."

ಎಣ್ಣೆ ಸುರಿಯುವ ಇಬ್ಬರು ಗಂಡಸರು ಒಂದು ಸ್ಕೂಟರಿನಲ್ಲಿ ಗಣೇಶಪೇಠೆಯ ಎಸ್.ಟಿ. ಸ್ಟ್ಯಾಂಡಿಗೆ ಹೋದದ್ದನ್ನು ನಾಗಪುರ ಕಂಡಿತು. ಸೋಮಣ್ಣ ಅಲ್ಲಿ ಬೆಂಚಿನ ಮೇಲೆ ಕುಳಿತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಮರುದಿನ ಸಂಜೆಯ ಬಸ್ಸಿಗೆ ಅವರು ಮೊದಲೇ ಟಿಕೆಟ್ ತೆಗೆಸಿಕೊಂಡೇ ಬಂದಿದ್ದರು. ಆದರೆ ಈ ಊರಿನಲ್ಲಿ ಇನ್ನೊಂದು ತಾಸೂ ಇರುವುದಿಲ್ಲ, ಈವತ್ತಿನ ಬಸ್ಸಿಗೇ ಹೋಗುವುದು ಎಂದು ಹಟ ಹಿಡಿದಿದ್ದರು. ರಿಸರ್ವೇಶನ್ ಕೌಂಟರಿನ ಸಾಲು ಬಾಗಿಲು ದಾಟಿ, ಸಂತ್ರಿ (ನಮ್ಮ ಕಿತ್ತಳೆ) ಮಾರುವವರನ್ನೂ ದಾಟಿ ನಿಂತಿತ್ತು.

"ತಪ್ಪಾತ್ರಿ. ಟಿ.ವಿ.ಯವರಿಗೆ ಬ್ಯಾಡ ಅಂದು ಕಳಿಸೇವ್ರಿ" ಎಂದ ಕೇದಾರನಾಥ. ಸೋಮಣ್ಣ ಮುಖ ತಿರುಗಿಸಿದರು. "ನೀವು ಕೂಡ್ರಿ. ನಾ ಪಾಳೀಕ ನಿಂದರ್ತೀನಿ." ಅಷ್ಟು ಹೇಳಿ ಸಾಲಿನ ತುದಿಗೆ ಹೋಗಿ ನಿಂತ.

ಸ್ವಲ್ಪ ಹೊತ್ತಿಗೆ ನೀಲಾಂಬಿಕಾ ಎದ್ದು ಅವನ ಹತ್ತಿರ ಹೋದಳು. ನಾನು ಸಂತ್ರಿಯ ಭಾವ ವಿಚಾರಿಸುವವನಂತೆ ನಿಂತೆ.

"ನಮ್ಮ ಎದುರಿಗೇ ಹಂಗ್ಯಾಕ ಅಂದ್ರಿ?" ಎಂದಳು.

"ಬಾಯಿಪಾಠ ಆಗಿತ್ರಿ. ಅವ ಆಕ್ಷನ್ ಅಂದ. ಬಾಯಿ ತಾನ ನಡೀತು."

"ಟಿ.ವ್ಯಾಗ ಬಂದು ಏನು ಮಾಡಾವರಿದ್ರಿ?"

ಕೇದಾರನಾಥ ಅಂಗೈಯ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡ. ಸಾಲು ಎರಡು ಹೆಜ್ಜೆ ಮುಂದೆ ಹೋಯಿತು. "ಒಂಬತ್ತು ಮಂದಿ ನೋಡಿ ಬ್ಯಾಡ ಅಂದಾರ್ರಿ. ಇಡೀ ದೇಶ ನೋಡಿದ್ರ ಒಬ್ಬರರ ಹೂಂ ಅಂತಾರೇನೋ ಅಂತ."

"ಆ ಕೂದಲ?"

"ಮುನ್ನೂರು ರೂಪಾಯಿ ಕೊಟ್ಟು ಮಾಡಿಸೀನ್ರಿ. ತೊಳದ್ರ ಹೋಗಂಗಿಲ್ಲಂತ."

ಅವಳು ಸಂತ್ರಿಯ ರಾಶಿಯ ಕಡೆ ತಿರುಗಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಒರೆಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ.

ಮುಕ್ಕಾಲು ತಾಸು ನಿಂತು ಕೇದಾರನಾಥ ಕೌಂಟರ್ ತಲುಪಿದ. ಬೆಳಗಾಗುವಷ್ಟರಲ್ಲಿ ಅವರನ್ನು ಸೊಲ್ಲಾಪುರ ಮುಟ್ಟಿಸುವ ಬಸ್ಸು ಬೇಕೆಂಬುದು ಅವನ ಕಾಳಜಿ. ಕಿಂಡಿಗೆ ಬಾಯಿಟ್ಟು, "ಉದ್ಯಾ ಸಕಾಳೀ ಸೋಲಾಪೂರ ಪೋಚಣಾರೀ, ತೀನ್ ಸೀಟ್" ಎಂದ. ನಾಳೆ ಬೆಳಿಗ್ಗೆ ತಲುಪುವ ಬಸ್ಸು ಎಂದು ಅವನ ಅರ್ಥ. ಗದ್ದಲದಲ್ಲಿ ಒಳಗಿನವನಿಗೆ ಕೇಳಿಸಿದ್ದು ನಾಳೆ, ಸೊಲ್ಲಾಪುರ, ಮೂರು ಸೀಟು, ಇಷ್ಟೇ. ಪಟಪಟನೆ ಮೂರು ಟಿಕೆಟ್ ಹರಿದು ಕೊಟ್ಟ. ಕೇದಾರನಾಥ ಗೆದ್ದವನಂತೆ ಓಡಿಬಂದು ಅವನ್ನು ಸೋಮಣ್ಣನವರ ಕೈಗಿಟ್ಟ.

ಸೋಮಣ್ಣ ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇವು ನಾಳಿನವು" ಎಂದರು.

ಕೇದಾರನಾಥ ಟಿಕೆಟ್ ನೋಡಿದ. ಮತ್ತೆ ಕೌಂಟರಿಗೆ ಓಡಿದ. ಈವತ್ತಿನ ಬಸ್ಸು ಆಗಲೇ ತುಂಬಿತ್ತಂತೆ. ತಿರುಗಿ ಬಂದು ತಲೆ ತಗ್ಗಿಸಿ ನಿಂತ. ಸೋಮಣ್ಣ ಒಂದು ಕೈಯಲ್ಲಿ ತಮ್ಮ ಹಳೆಯ ಮೂರು ಟಿಕೆಟ್, ಇನ್ನೊಂದು ಕೈಯಲ್ಲಿ ಇವನು ತಂದ ಮೂರು ಟಿಕೆಟ್ ಹಿಡಿದುಕೊಂಡಿದ್ದರು. ಒಂದೇ ಬಸ್ಸು, ಒಂದೇ ದಿನ, ಆರು ಸೀಟು. ಹೋಗಬೇಕಾದವರು ಮೂವರು, ಅದೂ ಈವತ್ತು.

ನನಗೆ ಬೇರೆ ದಾರಿ ಕಾಣಲಿಲ್ಲ. "ನಮ್ಮನೇಲಿ ಉಳ್ಕೊಳ್ಳಿ ಸ್ವಾಮಿ" ಎಂದೆ. "ಸೋಫಾ ಇದೆ, ಫ್ರಿಜ್ ಇದೆ. ಎರಡೆರಡು ಇವೆ."

ಮಹಾದೇವಮ್ಮ ಚೀಲ ಎತ್ತಿಕೊಂಡು ಆಟೋ ಸ್ಟ್ಯಾಂಡಿನತ್ತ ನಡೆದೇಬಿಟ್ಟರು. ಅವರಿಗೆ ಆ ಬೆಂಚು ಸಾಕಾಗಿತ್ತು. ಸೋಮಣ್ಣ ಮಾತ್ರ ಆರು ಟಿಕೆಟ್ ಮೇಲೆತ್ತಿ, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದರು:

"ಇಂಥವನನ್ನ ಆ ಟಿ.ವಿ.ಯವರ ಕಡೀಂದ ಯಾಕ್ರಿ ಬಿಡಿಸಿಕೊಂಡು ಬಂದ್ರಿ? ಅವರಿಗೇ ಕೊಟ್ಟುಬಿಡ್ರಿ! ಅರಮನ್ಯಾಗ ಇಟಗೊಳ್ಳಲಿ!"

ನೀಲಾಂಬಿಕಾ ತಂದೆಯ ಕೈಯಿಂದ ಆರೂ ಟಿಕೆಟ್ ತೆಗೆದುಕೊಂಡು, ಜೋಡಿಸಿ, ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು.

"ಬ್ಯಾಡಪ್ಪಾ," ಎಂದಳು. "ಅವರು ಕೆಡಸ್ತಾರ."